ಉಪ್ಪಿನ ಊರಿನಲ್ಲಿ ಹಾಸನದ ಕಾರು

ಇಲ್ಲಿಗೆ ಬಂದ ದಿನ ರೈಲಿನ ಕಿಟಕಿಯಾಚೆ ಕಂಡ ಬಿಳಿ ಗುಡ್ಡವನ್ನು ಸುಣ್ಣದ್ದೆಂದುಕೊಂಡೆ. ಅದರ ನೆತ್ತಿಯಲ್ಲಿ ನಾಯಿಯೊಂದು ಮಲಗಿತ್ತು. ಅದು ಉಪ್ಪು ಎಂದರು. ಬೆಳಗೊಳದ ಬಂಡೆಬೆಟ್ಟ ನೋಡುತ್ತ ಚನ್ನರಾಯಪಟ್ಟಣದಲ್ಲಿ ಬೆಳೆದ ನನಗೆ, ಅಡುಗೆಮನೆಯ ಭರಣಿಯಲ್ಲಿರಬೇಕಾದದ್ದು ಬೆಟ್ಟವಾಗಿ ನಿಂತಿರುವುದನ್ನು ನಂಬಲಾಗಲಿಲ್ಲ.

ಇದು ಗುಜರಾತಿನ ಕಛ್, ಸಮುದ್ರದಂಚಿನ ಒಂದು ಬಂದರು. ನಮ್ಮ ಯಜಮಾನರು ರಂಗನಾಥ್, ಹೊಳೆನರಸೀಪುರದ ಹತ್ತಿರದ ಹಳೇಕೋಟೆಯವರು, ಇಲ್ಲಿ ಕ್ರೇನುಗಳ ಉಸ್ತುವಾರಿ ನೋಡುತ್ತಾರೆ. ಇಲ್ಲಿ ಗಾಳಿಯೇ ಉಪ್ಪು. ಒಗೆದ ಸೀರೆ ಪೂರ್ತಿ ಒಣಗುವುದಿಲ್ಲ, ತುಟಿ ನೆಕ್ಕಿದರೆ ಉಪ್ಪು. ಹೇರ್‌ಪಿನ್ನು, ಕಿಟಕಿಯ ಚಿಲಕ, ತವರಿನಿಂದ ತಂದ ಈಳಿಗೆಮಣೆ, ಎಲ್ಲಕ್ಕೂ ‘ಕಾಟ್’. ಇವರ ಮಾತಿನಲ್ಲಿ ತುಕ್ಕಿಗೆ ಹಾಗೆನ್ನುತ್ತಾರೆ. ಕ್ವಾರ್ಟರ್ಸಿನ ನಲ್ಲಿಯಲ್ಲಿ ಬರುವುದು ಬೋರಿನ ಉಪ್ಪುನೀರು. ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತದೆ. ಅದರಲ್ಲಿ ಸಾರು ಮಾಡಿದರೂ ಊರಿನ ರುಚಿ ಬರುವುದಿಲ್ಲ. ಹೀಗೆಲ್ಲ ಹೇಳಿಕೊಳ್ಳೋಣವೆಂದರೆ ಊರಿನವರು ಕೇಳಬೇಕಲ್ಲ! ಫೋನು ಮಾಡಿದವರೆಲ್ಲ ವಿಚಾರಿಸಿಕೊಳ್ಳುವುದು ಕಾರನ್ನು.

ಹೌದು, ಕಾರು. ಅದನ್ನು ಇಲ್ಲೇ ಕೊಳ್ಳಬಹುದಿತ್ತು. ಆದರೆ ಹಳೇಕೋಟೆಯ ಕಣ್ಣಿಗೆ ಬೀಳದ ಕಾರು ಕಾರೇ ಅಲ್ಲ. ಹಾಸನದಲ್ಲಿ ಕೊಂಡು, ಕೆಎ-13 ನಂಬರು ಹಾಕಿಸಿ, ಹೊಳೆನರಸೀಪುರದ ಪೇಟೆಬೀದಿಯಲ್ಲಿ ಅಗತ್ಯಕ್ಕಿಂತ ನಿಧಾನವಾಗಿ ಓಡಿಸಿ, ಅತ್ತೆಮ್ಮನ ಕೈಯಲ್ಲಿ ದೃಷ್ಟಿ ತೆಗೆಸಿದ ಮೇಲೆಯೇ ಯಜಮಾನರ ಅಣ್ಣತಮ್ಮಂದಿರು ಇಲ್ಲಿಯವರೆಗೆ ಓಡಿಸಿಕೊಂಡು ಬಂದದ್ದು. ಅತ್ತೆಮ್ಮ ನಿವಾಳಿಸಿದ್ದು ಹಿಡಿ ಉಪ್ಪನ್ನು. ಇಲ್ಲಿ ಆ ಕೆಲಸವನ್ನು ಗಾಳಿ ಹಗಲೂ ರಾತ್ರಿ ಮಾಡುತ್ತದೆ.

ತುಕ್ಕಿನ ಮಾತು ಕೇಳಿದ್ದೇ ತಡ, ಯಜಮಾನರು ಕಾರಿನ ಕೆಳಮೈಗೆ ಕಪ್ಪು ಕೋಟಿಂಗ್ ಹೊಡೆಸಿದರು. ದಪ್ಪನೆಯ ಹೊದಿಕೆ ತಂದರು. ಹಳೇಕೋಟೆಯ ನಾಲೆಯಲ್ಲಿ ಎತ್ತು ತೊಳೆದು ಬೆಳೆದ ಕೈ ನೋಡಿ, ಬೆಳಗಾದರೆ ನಲ್ಲಿಯ ಪೈಪು ಹಿಡಿದು ಕಾರಿನ ಮೈ ತೊಳೆಯುವುದು, ಧೂಳು ಕೂರುವ ಮೊದಲೇ ಹೊದಿಕೆ ಎಳೆದು ಬಿಗಿಯುವುದು. ಭಾನುವಾರ ಕಾಲೊನಿಯ ಗಂಡಸರೆಲ್ಲ ಸುತ್ತ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡುತ್ತಾರೆ. ಹೆಂಡತಿಗೆ ಜ್ವರವೆಂದರೆ ಹಣೆ ಮುಟ್ಟದ ಕೈಗಳು ಬಾನೆಟ್ಟನ್ನು ಎಷ್ಟು ಮೃದುವಾಗಿ ಸವರುತ್ತವೆ! ನಾನು ಅವರಿಗೆ ಚಹಾ ಕೊಟ್ಟು ನಗುತ್ತೇನೆ. ತಿರಸ್ಕಾರವನ್ನು ಮೆಲುದನಿಯಲ್ಲಿ ಇಟ್ಟುಕೊಳ್ಳುವುದು ಕಾನ್ವೆಂಟಿನಲ್ಲಿ ಕಲಿತದ್ದು.

ಅಗರ್‌ಗಳ ಆಚೆ ಒಂದು ಪುಟ್ಟ ಶಾಲೆಯಿದೆ. ಅಗರ್ ಎಂದರೆ ಉಪ್ಪು ಬೆಳೆಯುವ ಗದ್ದೆ. ನಮ್ಮ ಭತ್ತದ ಗದ್ದೆಯಂತೆಯೇ ಬದುಗಳು, ಆದರೆ ಒಂದು ಹಸಿರು ಗರಿಯೂ ಇಲ್ಲ. ಆ ಶಾಲೆಯವರು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಕರೆದರು. ಇಡೀ ದಿನ ಗೋಡೆಯ ಜೊತೆ ಕನ್ನಡ ಮಾತಾಡುತ್ತಿದ್ದ ನನಗೆ ಜೀವ ಬಂದಂತಾಯಿತು. ದೀಪಾವಳಿ ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕು. ಅಲ್ಲಿಗೆ ಬಸ್ಸಿಲ್ಲ. ಹಾಸನದಲ್ಲೇ ಮಾಡಿಸಿದ ಲೈಸೆನ್ಸ್ ನನ್ನ ಬಳಿಯಿದೆ.

“ಆ ರೋಡಲ್ಲಾ? ಉಪ್ಪಿನ ಲಾರಿ ನೀರು ಸುರಿಸ್ಕಂಡು ಓಯ್ತವೆ ಕಣೆ. ಕಾರು ಮೂರು ತಿಂಗ್ಳಿಗೆ ತುಕ್ಕು ಇಡ್ಕತದೆ,” ಎಂದರು ಯಜಮಾನರು.

“ನಾನು ಮನೇಲಿ ಹಿಡೀತಿದ್ದೀನಲ್ರೀ ತುಕ್ಕು?”

“ನಿಂಗೇನಮ್ಮಿ ಆಗದೆ? ಗುಂಡುಕಲ್ಲಂಗಿದ್ದೀಯ.”

ಪಕ್ಕದ ಮನೆಯ ಜಯಾಬೆನ್ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ಬೆನ್ ಎಂದರೆ ಅಕ್ಕ. “ನಿಮ್ಮವರು ಕಾರಿಗೆ ದಿನಾ ಸ್ನಾನ ಮಾಡಿಸ್ತಾರೆ, ನಾವು ನಮ್ಮವರಿಗೇ ಮಾಡಿಸೋದಿಲ್ಲ,” ಎಂದರು. ಅವರ ಹಳೆಯ ಕಾರು ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿರುತ್ತದೆ. ಯಾವಾಗಲಾದರೂ ಒಣಬಟ್ಟೆಯಲ್ಲಿ ಒರೆಸುತ್ತಾರೆ, ಅಷ್ಟೇ. ಅದಕ್ಕೆ ತುಕ್ಕಿಲ್ಲ!

ಆ ಮೇಲೆ ನನ್ನ ಕಣ್ಣು ಬೇರೆಯೇ ಆಯಿತು. ಕಾರು ತೊಳೆಯುವ ಪೈಪಿನ ಬಾಯಿಯಲ್ಲಿ ಬಿಳಿಯ ಪೊರೆ. ತೊಳೆದ ನೀರು ಹರಿಯುವ ಕಡೆ ನಾನು ನೆಟ್ಟಿದ್ದ ಕರಿಬೇವು ಒಣಗಿತ್ತು. ಮಧ್ಯಾಹ್ನ ಯಾರಿಲ್ಲದಾಗ ಹೊದಿಕೆ ಎತ್ತಿದೆ. ಒಳಗೆಲ್ಲ ಬೆವರು. ಬೆರಳಿಗೆ ತಾಗಿಸಿ ನಾಲಿಗೆಗೆ ಇಟ್ಟರೆ ಉಪ್ಪು. ಬಾಗಿಲಿನ ಕೆಳಅಂಚಿನಲ್ಲಿ ಬಣ್ಣ ಬೊಬ್ಬೆಯೆದ್ದಿತ್ತು. ಉಗುರು ತಾಗಿಸಿದರೆ ಕಂದು ಪುಡಿ ಉದುರಿತು.

ಹೇಳಿದರೆ ನಂಬುವವರಲ್ಲ. ಎರಡು ಹೊಸ ಹೇರ್‌ಪಿನ್ ತೆಗೆದುಕೊಂಡೆ. ಒಂದನ್ನು ನಲ್ಲಿನೀರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿಟ್ಟೆ. ದಿನಾ ಬೆಳಿಗ್ಗೆ ಬಟ್ಟೆ ನೆನೆಸಿದೆ. ಇನ್ನೊಂದನ್ನು ಬರಿದೇ ಗಾಳಿಗೆ ಬಿಟ್ಟೆ. ವಾರ ಕಳೆದು ಊಟಕ್ಕೆ ಕೂತಾಗ ಎರಡನ್ನೂ ತಟ್ಟೆಯ ಪಕ್ಕ ಇಟ್ಟೆ. ಗಾಳಿಯಲ್ಲಿದ್ದದ್ದಕ್ಕೆ ಒಂದೆರಡು ಚುಕ್ಕೆ. ಬಟ್ಟೆಯಲ್ಲಿದ್ದದ್ದು ಕೆಂಪಗೆ ಕೊಳೆತಿತ್ತು.

“ಇದೇನಿದು?”

“ಇದು ಜಯಾಬೆನ್ ಕಾರು. ಇದು ನಿಮ್ಮದು. ಬಾಗಿಲ ಕೆಳಗೆ ಬಗ್ಗಿ ನೋಡಿ.”

ಅವರು ಅನ್ನ ಬಿಟ್ಟು ಹೊರಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರು ತಲೆ ಎತ್ತದೆ, “ನಾನೂ ಅಂಗೇ ಅನ್ಕಂಡಿದ್ದೆ ಬುಡು,” ಎಂದರು. ಈ ಗಂಡಸರು ಸೋತ ಮೇಲೆ ಮೊದಲೇ ಗೊತ್ತಿದ್ದವರಾಗಿಬಿಡುತ್ತಾರೆ. ನಾನು ಮೊಳೆಗೆ ನೇತುಹಾಕಿದ್ದ ಕೀ ತೆಗೆದು ನನ್ನ ಪರ್ಸಿಗೆ ಹಾಕಿಕೊಂಡೆ. ಅವರು ನೋಡಿ, ಮತ್ತೆ ಅನ್ನಕ್ಕೆ ಕೈ ಹಾಕಿದರು.

ಈಗ ದಿನಾ ಅಗರ್‌ಗಳ ನಡುವೆ ಕಾರಿನಲ್ಲಿ ಶಾಲೆಗೆ ಹೋಗಿ ಬರುತ್ತೇನೆ. ಶನಿವಾರ ಕುಡಿಯುವ ನೀರಿನಲ್ಲೇ ಅಡಿಭಾಗ ತೊಳೆದು, ಬಿಸಿಲಿಗೆ ಒಣಗಿಸುತ್ತೇನೆ. ಹೊದಿಕೆಯನ್ನು ಹರಿದು ಬಾಗಿಲಿಗೆ ಕಾಲೊರೆಸು ಮಾಡಿದ್ದೇನೆ.

ಮೊನ್ನೆ ಅತ್ತೆಮ್ಮನ ಫೋನು. “ಕಾರ್ ಎಂಗದವ್ವಾ?”

“ಚೂರು ತುಕ್ಕು ಹಿಡಿದಿದೆ ಅತ್ತೆಮ್ಮ. ನಾನು ಚೆನ್ನಾಗಿದ್ದೀನಿ.”

“ಅಯ್ಯೋ, ತುಕ್ಕಾ! ಯಾರ ಕಣ್ಣು ಬಿತ್ತೋ! ಒಂದಿಡಿ ಉಪ್ಪು ತಗಂಡು ನಿವಾಳ್ಸವ್ವಾ,” ಎಂದರು. ನನ್ನ ಮಾತಿನ ಎರಡನೆಯ ಅರ್ಧ ಹಳೇಕೋಟೆ ತಲುಪಲೇ ಇಲ್ಲ.

ಶಾಲೆಯ ಮಕ್ಕಳು ನನ್ನನ್ನು ‘ತೇರಾ ನಂಬರ್ ಟೀಚರ್’ ಎನ್ನುತ್ತಾರೆ, ಹದಿಮೂರನೇ ನಂಬರಿನವಳು. ಬೇಸಿಗೆಗೆ ಊರಿಗೆ ಹೋದರೆ ಅಲ್ಲಿ ನಾನು ಗುಜರಾತಿನವಳು. ನಂಬರ್ ಪ್ಲೇಟಿನ ಸ್ಕ್ರೂಗಳೂ ಕಾಟ್ ಹಿಡಿದಿವೆ. ಕಂದು ಗೆರೆಯೊಂದು ಹಾಸನದ ಹದಿಮೂರರ ಮೇಲೆ ಇಳಿಯುತ್ತಿದೆ. ಕಾರಿನ ಉಳಿದ ಭಾಗವನ್ನೆಲ್ಲ ಒರೆಸುತ್ತೇನೆ. ಅದೊಂದನ್ನು ಹಾಗೇ ಬಿಟ್ಟಿದ್ದೇನೆ.