ಸುಮ್ಮನಿದ್ದವಳ ಹೆಬ್ಬೆರಳು

ಮೊನ್ನೆ ಬಿಸಿಲು ಚೆನ್ನಾಗಿ ಬಿದ್ದಿದೆಯೆಂದು ಟ್ರಂಕಿನೊಳಗಿನ ಕೌದಿಗಳನ್ನು ಮಾಳಿಗೆಯ ಮೇಲೆ ಹರವಲು ಒಯ್ದೆ. ಒಂದನ್ನು ಝಾಡಿಸಿದಾಗ ಅದರ ಮಡಿಕೆಯಿಂದ ಬೆಳ್ಳಗಿನದೇನೋ ಸುರುಳಿ ಸುತ್ತಿಕೊಂಡು ಕಾಲ ಮೇಲೆ ಬಿತ್ತು. ನಾನು ಚೀರಿ ಹಿಂದೆ ಸರಿದೆ. ಹಾವಿನ ಮರಿ ಅಷ್ಟು ಬೆಳ್ಳಗಿರುವುದಿಲ್ಲವೆಂದು ನನಗೂ ಗೊತ್ತು. ಆದರೂ ಕಸಬರಿಗೆಯ ಹಿಡಿಯಿಂದ ತಿವಿದು, ಅದು ಅಲುಗಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಗ್ಗಿ ನೋಡಿದೆ. ಮಗಳ ಇಯರ್‌ಫೋನು! ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಾಗ ಕಳೆದುಹೋಗಿದ್ದು. ನಾನೇ ಬಚ್ಚಿಟ್ಟಿದ್ದೇನೆಂದು ಆಗ ಅವಳಿಗೆ ಗುಮಾನಿಯಿತ್ತು. ಇಡಲಿಲ್ಲ, ಇಡಬೇಕೆಂದು ಅನಿಸಿದ್ದು ಮಾತ್ರ ನಿಜ.

ಈಗ ಸುಮಾ ಎರಡನೆಯ ಸಲ ಬಸುರಿ. ನಮ್ಮ ಕಡೆ ಮೊದಲನೆಯದು ತವರಿನ ಪಾಲು, ಎರಡನೆಯದು ಗಂಡನ ಮನೆಯ ಪಾಲು. ಅವಳು ಖಜೂರಿಯಲ್ಲಿ ಅತ್ತೆಯ ಬಳಿ ಹೆರುತ್ತಾಳೆ, ನಾನು ಅಫಜಲಪುರದಲ್ಲಿ ಕುಳಿತು ಫೋನಿನ ದಾರಿ ಕಾಯುತ್ತೇನೆ. ಇದು ಸಂಪ್ರದಾಯ, ತಕರಾರು ಮಾಡುವಂತಿಲ್ಲ. ಆದರೆ ಆ ವಯರನ್ನು ಕೈಯಲ್ಲಿ ಹಿಡಿದವಳು ಕೌದಿ ಹರವುವುದನ್ನು ಬಿಟ್ಟು ಅಲ್ಲೇ ಕುಳಿತುಬಿಟ್ಟೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತು ಬಳಸಿ ಹೇಳಿದರೆ ಬೇಸರಿಸಬೇಡಿ.

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಸಿಲಿಂಡರ್ ತಂದವನ ಎದುರಿಗೇ ಅದನ್ನು ಎತ್ತಿ ನೋಡುತ್ತೇನೆ. ಟಿವಿಯಲ್ಲಿ ಇವತ್ತು ಮಳೆಯೆಂದರೆ ಅವತ್ತೇ ಹಪ್ಪಳ ಒಣಹಾಕುತ್ತೇನೆ, ಮತ್ತು ಒಂದೆರಡು ಸಲ ಒದ್ದೆ ಹಪ್ಪಳ ಎತ್ತಿದ್ದೂ ಇದೆ. ಲಗ್ನಕ್ಕೆ ಮೊದಲು ಅಳಿಯನ ವಿಷಯ ವಿಚಾರಿಸಲು ಅವನ ಆಫೀಸಿನ ಎದುರಿನ ಚಹಾದ ಅಂಗಡಿಯಲ್ಲಿ ನಾಕಾರು ಚಹಾ ಕುಡಿದು ಬಂದವಳು ನಾನು. ಹುಡುಗ ಚೆನ್ನಾಗಿಯೇ ಇದ್ದ. ಚಹಾ ಮಾತ್ರ ಏನೇನೂ ಚೆನ್ನಾಗಿರಲಿಲ್ಲ.

ಈ ಬುದ್ಧಿ ನನಗೆ ಅಪ್ಪನಿಂದ ಬಂದದ್ದು. ಗಾಣಗಾಪುರದಲ್ಲಿ ಅವನದೊಂದು ಕಾಯಿ-ಕರ್ಪೂರದ ಅಂಗಡಿ. ಕಾಯಿ ಕೊಂಡವರು ಚಪ್ಪಲಿಯನ್ನು ನಮ್ಮಲ್ಲೇ ಬಿಟ್ಟು ಗುಡಿಗೆ ಹೋಗುತ್ತಿದ್ದರು. ಆ ಚಪ್ಪಲಿ ಕಾಯುವ ಕೆಲಸ ನನ್ನದು. ನೆಲಕ್ಕೆ ಹತ್ತಿದ ಮಣೆಯ ಮೇಲೆ ಕುಳಿತಿರುತ್ತಿದ್ದ ನನಗೆ ಜನರ ಮುಖಕ್ಕಿಂತ ಮೊದಲು ಪಾದಗಳ ಪರಿಚಯ. ಮಧ್ಯಾಹ್ನದ ಆರತಿಯ ಹೊತ್ತಿಗೆ ಗುಡಿಯಲ್ಲಿ ಮೈಮೇಲೆ ಬಂದವರು ತೂಗುವುದು, ಕಣ್ಣು ಮುಚ್ಚಿ ಏನೇನೋ ಒದರುವುದು ಇರುತ್ತಿತ್ತು. ನಾನು ಹೆದರಿ ಅಪ್ಪನ ಧೋತರ ಹಿಡಿದುಕೊಳ್ಳುತ್ತಿದ್ದೆ. ಅವನು ತಲೆ ಸವರಿ ಹೇಳುತ್ತಿದ್ದ, "ಅಂಜಬ್ಯಾಡವ್ವಾ. ಮಾರಿ ನೋಡಬ್ಯಾಡ, ಕಾಲು ನೋಡು. ಮಾರಿ ಏನೇನೋ ಕಲ್ತಿರ್ತದ, ಕಾಲು ಏನೂ ಕಲ್ತಿರಂಗಿಲ್ಲ." ಅಂದಿನಿಂದ ನಾನು ಯಾರ ಮುಖವನ್ನೂ ಪೂರ್ತಿ ನಂಬಿಲ್ಲ.

ಇಂಥ ನನ್ನ ಮನೆಗೆ ಚೊಚ್ಚಲ ಬಸುರಿನ ಕುಬಸ ಮುಗಿಸಿಕೊಂಡು ಮಗಳು ಬಂದಳು. ಅಳಿಯನಿಗೆ ಸೊಲ್ಲಾಪುರದ ಒಂದು ಲಾರಿ ಆಫೀಸಿನಲ್ಲಿ ಕೆಲಸ. ಅಲ್ಲಿ ಬಸುರಿಯರಿಗೆಂದೇ ಒಬ್ಬ ಮೇಡಂ ಕ್ಲಾಸು ನಡೆಸುತ್ತಾರಂತೆ, ಇವಳು ಅದಕ್ಕೆ ಹೋಗುತ್ತಿದ್ದಳಂತೆ. ಬಂದ ಮರುದಿನವೇ ಊಟವಾದ ಮೇಲೆ ಕೌದಿ ಹಾಸಿ, ಎಡಮಗ್ಗುಲಿಗೆ ಮಲಗಿ, ಕಿವಿಗೆ ಈ ವಯರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದಳು. ಉಸಿರು ನಿಧಾನವಾಯಿತು. ಮುಷ್ಟಿ ಬಿಚ್ಚಿತು. ಕೆಳದವಡೆ ಇಳಿಬಿದ್ದು ಬಾಯಿ ತುಸು ತೆರೆಯಿತು. "ಸುಮಾ" ಎಂದೆ. "ಸುಮಿ, ಏ ಸುಮಿ!" ಎಂದು ಭುಜ ಹಿಡಿದು ಅಲುಗಿಸಿದೆ.

ಅವಳು ಒಂದು ಕಣ್ಣು ತೆರೆದು, "ಯವ್ವಾ, ಸುಮ್ಮಕಿರ ಸ್ವಲ್ಪ. ಪ್ರಾಕ್ಟೀಸ್ ಮಾಡಾಕತ್ತೇನಿ" ಅಂದಳು.

"ಎದರ ಪ್ರಾಕ್ಟೀಸ್ ಬೇ? ಮಕ್ಕೊಳ್ಳೋದೂ ಕಲೀಬೇಕೇನು?"

"ಮಕ್ಕೊಂಡಿಲ್ಲ. ಮೈ ಸಡಲ ಬಿಡೋದು. ಬ್ಯಾನಿ ಬಂದಾಗ ಅಂಜಿದ್ರ ಮೈ ಬಿಗೀತದ, ಬಿಗದ್ರ ಬ್ಯಾನಿ ಹೆಚ್ಚಾಗ್ತದ. ಅದಕ್ಕ ಮೊದಲ ಮನಸಿಗೆ ರೂಢಿ ಮಾಡಸ್ತಾರ. ಸ್ವಸಮ್ಮೋಹನ ಅಂತಾರ ಇದಕ್ಕ."

ಆ ಹೆಸರು ಕಿವಿಗೆ ಬಿದ್ದ ಕೂಡಲೇ ನಾನು ಅವಳ ಕೊರಳ ಬಂಗಾರದ ಕಡೆ ನೋಡಿದೆ. ಸಮ್ಮೋಹನ, ವಶೀಕರಣ ಇವೆಲ್ಲ ನಾನು ಓದಿದ್ದು ಪೇಪರಿನ ಕೊನೆಯ ಪುಟದ ಸಣ್ಣ ಜಾಹೀರಾತುಗಳಲ್ಲಿ. ಬಸುರಿ ಹೆಂಗಸಿನ ಕಿವಿಯಲ್ಲಿ ಯಾರೋ ಕೂತು ಏನೋ ಹೇಳುತ್ತಾರೆ, ಇವಳು ಕೇಳುತ್ತಾಳೆ! ನಾಳೆ ಬಂಗಾರ ಬಿಚ್ಚಿಕೊಡು ಎಂದರೆ? ಅವಳು ಸ್ನಾನಕ್ಕೆ ಹೋದಾಗ ಕೋಣೆಯ ಬಾಗಿಲ ಅಗುಳಿ ಹಾಕಿ, ಅವಳ ಫೋನು ಒತ್ತಿ, ಆ ವಯರನ್ನು ನಾನೇ ಕಿವಿಗೆ ಇಟ್ಟುಕೊಂಡೆ. ಮರಾಠಿಯಲ್ಲಿ ಒಂದು ಹೆಣ್ಣುದನಿ, ಜೇನು ಸವರಿದಂತೆ. ನೋವು ಎನ್ನಬೇಡ, ಅಲೆ ಎನ್ನು ಅಂದಿತು. ನಮ್ಮ ಭೀಮೆಗೆ ಅಲೆ ಬರುವುದು ನೆರೆ ಬಂದಾಗ ಮಾತ್ರ, ಆಗ ನಾವು ಮನೆ ಬಿಟ್ಟು ಓಡುತ್ತೇವೆ. ಹಣೆ ಸಡಿಲ ಬಿಡು ಎಂದಿತು, ನಾನು ಇನ್ನಷ್ಟು ಗಂಟಿಕ್ಕಿದೆ. ಭುಜ ಬಿಡು ಎಂದಿತು, ಬಿಡಲಿಲ್ಲ. ನಿನಗೆ ಪ್ರೀತಿಯ ಜಾಗವೊಂದನ್ನು ನೆನೆದುಕೋ, ಅಲ್ಲಿಗೆ ಮೆಟ್ಟಿಲಿಳಿದು ಹೋಗು ಎಂದಿತು. ಆಮೇಲೆ ಏನು ಹೇಳಿತೋ ಗೊತ್ತಿಲ್ಲ. ಸುಮಾ ಬಾಗಿಲು ಬಡಿದಾಗ ನಾನು ಗೋಡೆಗೆ ಒರಗಿದ್ದೆ ಮತ್ತು ಸೀರೆಯ ಮೇಲೆ ಜೊಲ್ಲು ಸುರಿದಿತ್ತು. ನನ್ನ ಅನುಮಾನ ಇದರಿಂದ ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ನನ್ನಂಥವಳನ್ನೇ ಮಲಗಿಸುವ ದನಿ ಸಾಮಾನ್ಯದ್ದಲ್ಲ.

ಅಂದು ಸಂಜೆ ಅವಳನ್ನು ಕೇಳಿದೆ, "ಕಣ್ಣು ಮುಚ್ಚಿ ನೀ ಎಲ್ಲಿಗೆ ಹೋಗ್ತಿ?"

"ಗಾಣಗಾಪುರಕ್ಕ" ಅಂದಳು.

ನನ್ನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ನಾದುವ ಕೊಣಮಿಗೆಗೆ ಬಿತ್ತು. ಅಷ್ಟು ಊರುಗಳಿರುವಾಗ, ಕಣ್ಣು ಮುಚ್ಚಿಕೊಂಡು ಹೋಗಲು ಇವಳಿಗೆ ಮೈಮೇಲೆ ಬಂದು ತೂಗುವವರ ಆ ಊರೇ ಬೇಕಾಯಿತೇ?

"ಮುತ್ಯಾನ ಅಂಗಡಿ ದಾಟಿ ಹೊಳಿಗೆ ಹೋಗ್ತೇನವ್ವ. ಅಲ್ಲಿ ಪಾವಟಗಿ ಅವಲ್ಲ, ಒಂದೊಂದ ಇಳೀತೇನಿ. ಸಣ್ಣಾಕಿದ್ದಾಗ ನೀ ಕೈ ಹಿಡಿದು ಇಳಸ್ತಿದ್ದಿ ನೋಡು, ಹಾಂಗ."

ನಾನು ರೊಟ್ಟಿ ಬಡಿಯತೊಡಗಿದೆ. ಸಿಟ್ಟು ಇಳಿದಿತ್ತು, ಅಂಜಿಕೆ ಇಳಿದಿರಲಿಲ್ಲ. ನೆರೆಮನೆಯ ಬಿಲ್ಕಿಸ್ ಆಪಾನ ಮುಂದೆ ಎಲ್ಲ ತೋಡಿಕೊಂಡೆ. ಆಕೆ ಅಡಿಕೆ ಕತ್ತರಿಸುತ್ತ, "ಹಡಿಯೋಕಿ ಪರೇಶಾನಿ ಇಲ್ಲದ ಕುಂತಾಳ, ನೀವ್ಯಾಕ್ರೀ ಇಷ್ಟು ಪರೇಶಾನ್? ಅಕಿಗೆ ಹೇಳಿ ನೀವೂ ಒಂದು ವಯರು ತರಸ್ಕೋರ್ರಿ" ಎಂದು ನಕ್ಕಳು. ಆಪಾನ ಅಡಿಕೆಯನ್ನು ಬಿಟ್ಟರೆ ಅವಳ ಮಾತು ಯಾವುದೂ ನನಗೆ ಅಂದು ರುಚಿಸಲಿಲ್ಲ.

ಮಾತಿನಿಂದ ಆಗದಿದ್ದಾಗ ನನಗೆ ಗೊತ್ತಿರುವ ಒಂದೇ ವಿದ್ಯೆಗೆ ಇಳಿದೆ. ದಿನಾ ಅವಳು ಮಲಗಿದಾಗ ಕಾಲ ಕಡೆ ಕುಳಿತು ಪಾದ ನೋಡತೊಡಗಿದೆ. ಸುಮಾ ಸಣ್ಣವಳಿದ್ದಾಗಿನಿಂದ ನೋವಿಗೆ ಬಾಯಿ ಬಿಡುವವಳಲ್ಲ. ಜಾಲಿಮುಳ್ಳು ತೆಗೆಯುವಾಗ ಮುಖ ಗಂಭೀರವಾಗಿರುತ್ತಿತ್ತು, ಬಲಗಾಲ ಹೆಬ್ಬೆರಳು ಮಾತ್ರ ಉಳಿದವುಗಳನ್ನು ಬಿಟ್ಟು ಮೇಲೆದ್ದು ನಿಲ್ಲುತ್ತಿತ್ತು. ಈಗ ದನಿ ಕೇಳುತ್ತ ಮಲಗಿದಾಗ ಐದೂ ಬೆರಳು ಸಡಿಲವಾಗಿ ಬಿದ್ದಿರುತ್ತಿದ್ದವು. ಅಂದರೆ ಸೋಗಲ್ಲ, ಮೈ ನಿಜವಾಗಿಯೇ ಬಿಡುತ್ತಿದೆ. ಒಂದು ದಿನ ಮಾತ್ರ ಮುಖ ನಗುತ್ತಿತ್ತು, ಹೆಬ್ಬೆರಳು ಎದ್ದಿತ್ತು. "ನಡ ಹಿಡದದ ಹೌದಿಲ್ಲೋ?" ಎಂದೆ. ಅವಳು ಬೆರಗಾಗಿ, "ನಿನಗ ಹ್ಯಾಂಗ ಗೊತ್ತಾತು?" ಎಂದಳು. ಗುಟ್ಟು ಬಿಟ್ಟುಕೊಡಲಿಲ್ಲ. ಗೊತ್ತಾದರೆ ಆ ದನಿ ಹೆಬ್ಬೆರಳಿಗೂ ಪಾಠ ಹೇಳಿಬಿಟ್ಟೀತು ಎಂಬ ಭಯ.

ಬೇನೆ ಬಂದದ್ದು ಒಂದು ಬೆಳಿಗ್ಗೆ. ಬಂದಿದೆಯೆಂದು ಅವಳು ಹೇಳಿದ ರೀತಿ ಹೇಗಿತ್ತೆಂದರೆ, ಹಾಲಿನವನು ಬಂದಿದ್ದಾನೆ ಅನ್ನುವ ಹಾಗೆ. ನನಗೆ ಅದು ಬೇನೆಯೋ ಗ್ಯಾಸೋ ಎಂಬ ಸಂಶಯ. ಬಿಲ್ಕಿಸ್ ಆಪಾ ಆಟೋ ತಂದಳು. ದವಾಖಾನೆಯಲ್ಲಿ ಸಿಸ್ಟರು ಪರೀಕ್ಷೆ ಮಾಡಿ, "ಚೊಚ್ಚಲ ಅದ, ಇನ್ನೂ ಭಾಳ ಟೈಮ್ ಹಿಡೀತದ" ಎಂದು ಒಂದು ಮಂಚ ತೋರಿಸಿದಳು. ಸಿಸ್ಟರು ಕೆಟ್ಟವಳಲ್ಲ. ಒಬ್ಬಳೇ ಇದ್ದಳು, ಸಾಲು ಮಂಚಗಳ ತುಂಬ ಹೆಂಗಸರು. ಒಬ್ಬಳು ಗಂಡನ ಕುಲವನ್ನೆಲ್ಲ ಬಯ್ಯುತ್ತಿದ್ದಳು, ಇನ್ನೊಬ್ಬಳು ಸತ್ತ ತಾಯಿಯನ್ನು ಕರೆಯುತ್ತಿದ್ದಳು. ಸಿಸ್ಟರು ಕಿವಿಯನ್ನು ನಂಬಿ ಕೆಲಸ ಮಾಡುತ್ತಿದ್ದಳು. ಯಾರ ಚೀರಾಟ ಹೆಚ್ಚೋ ಅತ್ತ ಓಡುತ್ತಿದ್ದಳು. ಬೇರೆ ದಾರಿಯೂ ಅವಳಿಗಿರಲಿಲ್ಲ.

ನನ್ನ ಮಗಳು ಎಡಮಗ್ಗುಲಾಗಿ ಮಲಗಿ, ಕಿವಿಗೆ ವಯರು ಇಟ್ಟುಕೊಂಡು ಸುಮ್ಮನಿದ್ದಳು. ಉಸಿರು ಎಳೆಯುತ್ತಿದ್ದಳು, ಉದ್ದಕ್ಕೆ ಬಿಡುತ್ತಿದ್ದಳು. ಸಿಸ್ಟರು ಹಾದುಹೋಗುವಾಗೊಮ್ಮೆ ನೋಡಿ, "ಇಕಿ ನೋಡ್ರಿ, ಎಷ್ಟು ಶಾಣ್ಯಾಕಿ" ಎಂದು ಉಳಿದವರಿಗೆ ತೋರಿಸಿದಳು. ನಾನು ಕಾಲ ಕಡೆ ನಿಂತಿದ್ದೆ. ಹೆಬ್ಬೆರಳು ಏಳುತ್ತಿತ್ತು, ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಬೀಳುತ್ತಿತ್ತು. ಮಧ್ಯಾಹ್ನವಾಗುತ್ತ ಬಂದಂತೆ ಬಿದ್ದಿರುವ ಹೊತ್ತು ಕಡಿಮೆಯಾಯಿತು. ಆಮೇಲೆ ಬೀಳಲೇ ಇಲ್ಲ. ಮುಖ ನೋಡಿದೆ, ಮುಖ ಭೀಮೆಯ ಮೆಟ್ಟಿಲಿಳಿಯುತ್ತಿತ್ತು. ಕಾಲು ನೋಡಿದೆ, ಪಾದವೇ ನಡುಗುತ್ತಿತ್ತು.

ಓಡಿಹೋಗಿ ಸಿಸ್ಟರಿಗೆ ಮೈ ತಾಗುವಷ್ಟು ಹತ್ತಿರ ನಿಂತು, "ಲಗು ಬರ್ರಿ, ನನ್ನ ಮಗಳು ಹಡಿಯಾಕತ್ತಾಳ" ಅಂದೆ.

"ಚೀರಾಕತ್ತಾಳೇನು?"

"ಇಲ್ರಿ."

"ಮತ್ತ? ಈಗರೆ ನೋಡಿ ಬಂದೇನಿ, ಆರಾಮ ಅದಾಳ."

"ಹೆಬ್ಬೆರಳು ಎತ್ತ್ಯಾಳ್ರೀ!"

ಸಿಸ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪಕ್ಕದಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ, ದಣಿದ ದನಿಯಲ್ಲಿ, "ಅವ್ವಾರೇ, ಬೆರಳು ಎಲ್ಲಾರೂ ಎತ್ತತಾರ. ಕುಂದರ್ರಿ ಹೋಗ್ರಿ, ಬರ್ತೇನಿ" ಎಂದು ಬಯ್ಯುತ್ತಿದ್ದವಳ ಕಡೆ ತಿರುಗಿದಳು.

ಈಗ ನೀವೇ ಹೇಳಿ, ನಾನು ಏನು ಮಾಡಬೇಕಿತ್ತು? ಮಗಳ ಮಂಚದ ಬಳಿ ವಾಪಸು ಬಂದೆ. ಕಬ್ಬಿಣದ ಸರಳು ಹಿಡಿದೆ. ಕಣ್ಣು ಮುಚ್ಚಿದೆ. "ಯವ್ವಾ ಸತ್ತೆನೋ! ಯಪ್ಪಾ ಸತ್ತೆನೋ!" ಎಂದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಚೀರಿದೆ. ಸುಮಾಳನ್ನು ಹೆತ್ತಾಗಲೂ ನಾನು ಹಾಗೆ ಚೀರಿರಲಿಲ್ಲ. ಗಂಡನ ಕುಲವನ್ನು ಬಯ್ಯುತ್ತಿದ್ದವಳು ಬಾಯಿ ಮುಚ್ಚಿದಳು. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಬಿಲ್ಕಿಸ್ ಆಪಾ "ಯಾ ಅಲ್ಲಾ" ಎಂದು ಒಳಗೆ ಓಡಿಬಂದಳು. ಅವಳಿಗಿಂತ ಮುಂಚೆ ಸಿಸ್ಟರು ಬಂದಿದ್ದಳು. ಚೀರಿದ್ದು ಯಾರೆಂದು ನೋಡುವ ಪುರುಸೊತ್ತೂ ಇಲ್ಲದೆ ಹೊದಿಕೆ ಸರಿಸಿದಳು. ಕೂಸಿನ ನೆತ್ತಿ ಕಾಣುತ್ತಿತ್ತು.

ಆಮೇಲಿನದು ಎಷ್ಟು ಬೇಗ ಆಯಿತೆಂದರೆ ನನಗೆ ಅಳಲೂ ಸಮಯ ಸಿಗಲಿಲ್ಲ. ಹೆಣ್ಣು ಕೂಸು. ಅದು ತಾಯಿಯನ್ನು ಹೋಲಲಿಲ್ಲ, ಹುಟ್ಟಿದ ಕೂಡಲೇ ನನ್ನ ಹಾಗೆ ಒದರಿತು. ಸಿಸ್ಟರು ಕೈ ಒರೆಸಿಕೊಳ್ಳುತ್ತ, "ಇನ್ನ ಸ್ವಲ್ಪ ತಡಾ ಆಗಿದ್ರ ಕೂಸು ಹಿಡಿಯಾಕ ಯಾರೂ ಇರ್ತಿದ್ದಿಲ್ಲ. ಚೊಲೋ ಆತು ಚೀರಿದಿ" ಎಂದು ಸುಮಾಳ ಕೆನ್ನೆ ತಟ್ಟಿದಳು.

"ನಾ ಅಲ್ರಿ ಚೀರಿದ್ದು. ನಮ್ಮವ್ವ" ಅಂದಳು ಸುಮಾ. ಸಿಸ್ಟರು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

ಕೂಸು ಮಲಗಿದ ಮೇಲೆ ಬಹಳ ಹೊತ್ತಿನಿಂದ ಗಂಟಲಲ್ಲಿದ್ದುದನ್ನು ಕೇಳಿದೆ. "ಖರೇ ಹೇಳು, ನಿನಗ ಬ್ಯಾನಿ ಆಗಲೇ ಇಲ್ಲೇನು?"

"ಆಗಲಾರದ ಏನು ಯವ್ವಾ? ಭಾಳ ಆತು. ಆದ್ರ ಅಂಜಿಕಿ ಆಗಲಿಲ್ಲ."

"ಆ ಮೇಡಂ ದನಿ ಕೇಳಿ?"

ಸುಮಾ ನಕ್ಕಳು. "ಫೋನಿನ ಚಾರ್ಜ್ ಮುಂಜಾನೇನ ಹೋಗಿತ್ತು. ವಯರು ಸುಮ್ಮ ಕಿವ್ಯಾಗ ಇತ್ತು. ನಾನ ಒಳಗ ಹೇಳ್ಕೋತ ಇಳೀತಿದ್ದೆ. ನೀ ಕಾಲ ಕಡೆ ನಿಂತಿದ್ದಿ, ಗೊತ್ತಿತ್ತು. ನಮ್ಮವ್ವ ಯಾರನೂ ನಂಬಂಗಿಲ್ಲ, ಏನರೆ ಹೆಚ್ಚುಕಮ್ಮಿ ಆದ್ರ ಬಿಡಂಗಿಲ್ಲ ಅಂತ ನಾ ಬೇಫಿಕರ್ ಕಣ್ಣು ಮುಚ್ಚಿದ್ದೆ."

ನನ್ನ ಈ ಗುಣವನ್ನು ಜನ್ಮದಲ್ಲಿ ಯಾರೂ ಹೊಗಳಿರಲಿಲ್ಲ. ಗಂಡ, ಅತ್ತೆ, ಹಾಲಿನವನು ಎಲ್ಲರೂ ಬೈದವರೇ. ಆಗ ಬಂತು ಅಳು, ಬಾಣಂತಿಯ ಮುಂದೆ ಅಳಬಾರದೆಂದು ಹೊರಗೆ ಹೋಗಿ ಆಪಾನ ಹೆಗಲಿಗೆ ಒರಗಿ ಅತ್ತೆ.

ಇಷ್ಟೆಲ್ಲ ಆದ ಮೇಲೂ ಆ ಮರಾಠಿ ದನಿಯನ್ನು ನಾನು ನಂಬಿದ್ದೇನೆಂದು ತಿಳಿಯಬೇಡಿ. ಅಂಜಿಕೆ ತೆಗೆಯುವುದು ಒಳ್ಳೆಯದೇ ಇರಬಹುದು. ಆದರೆ ನೋವು ಯಾರಿಗೂ ಕಾಣದ ಹಾಗೆ ಮಾಡುವ ವಿದ್ಯೆಯ ಮಗ್ಗುಲಲ್ಲಿ, ಅದನ್ನು ಕಾಣಬಲ್ಲ ಒಬ್ಬರು ಇರಲೇಬೇಕು. ಸುಮಾ ಈಗಲೂ ದಿನಾ ಮಲಗಿ ಅಭ್ಯಾಸ ಮಾಡುತ್ತಾಳಂತೆ. ಬೇರೆ ವಯರು ಕೊಂಡಿದ್ದಾಳಂತೆ. ಮೊನ್ನೆ ಮಾಳಿಗೆಯ ಮೇಲೆ ಆ ಹಳೆಯ ವಯರನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ಅಪ್ಪ ನನಗೆ ಕೊಟ್ಟ ಕಾಲು ನೋಡುವ ವಿದ್ಯೆಯನ್ನು ನಾನು ಸುಮಾಳಿಗೂ ಹೇಳದೆ ಇಟ್ಟುಕೊಂಡಿದ್ದೆ. ಖಜೂರಿಯಲ್ಲಿ ಅವಳ ಕಾಲ ಕಡೆ ನಿಲ್ಲುವವರು ಯಾರು? ಕೌದಿಗಳನ್ನು ಹಾಗೆಯೇ ಬಿಟ್ಟು, ಬೀಗತಿಗೆ ಫೋನು ಹಚ್ಚಿದೆ. ಲಗ್ನದಲ್ಲಿ ನಾನು ಅವರ ಸೀರೆಯ ಜರಿ ಉಜ್ಜಿ ನೋಡಿದ್ದಕ್ಕೆ ಅವರಿಗೆ ಇನ್ನೂ ನನ್ನ ಮೇಲೆ ಮುನಿಸಿದೆ.

"ಅಕ್ಕಾರೇ, ಒಂದು ಮಾತು ಹೇಳೋದಿತ್ತು" ಎಂದೆ.

"ಹೇಳ್ರಿ. ಸುಮಾ ಆರಾಮ ಅದಾಳ, ಕಾಳಜಿ ಮಾಡಬ್ಯಾಡ್ರಿ. ನಕ್ಕೋತ ಇರ್ತಾಳ. ನಿಮ್ಮ ಮಗಳು ಅಂತಲ್ರಿ, ಅಕಿನ ಮ್ಯಾಲ ನನಗ ಪೂರಾ ಭರೋಸಾ ಅದ."

"ಅದಕ್ಕ ಫೋನ್ ಮಾಡೇನ್ರಿ. ಬ್ಯಾನಿ ಬಂದಾಗ ಅಕಿನ ನಂಬಬ್ಯಾಡ್ರಿ. ನಕ್ಕರೂ ನಂಬಬ್ಯಾಡ್ರಿ, ಆರಾಮ ಇದ್ದೇನಿ ಅಂದ್ರೂ ನಂಬಬ್ಯಾಡ್ರಿ. ಕಾಲ ಕಡೆ ನಿಂತು ಬಲಗಾಲ ಹೆಬ್ಬೆರಳು ನೋಡ್ರಿ. ಎದ್ದದ್ದು ಬೀಳಲಿಲ್ಲಂದ್ರ…"

ಅತ್ತ ಕಡೆ ಅವರು ಬಾಗಿಲು ಮುಚ್ಚಿಕೊಂಡ ಸದ್ದಾಯಿತು. ಆಮೇಲೆ ಅವರ ದನಿ, ಜರಿಯ ಮುನಿಸು ಇಲ್ಲದ ದನಿ, ಮೆಲ್ಲಗೆ ಕೇಳಿಸಿತು. "ಬೀಳಲಿಲ್ಲಂದ್ರ ಏನು ಮಾಡಬೇಕ್ರಿ?"

"ಚೀರ್ರಿ" ಎಂದೆ.