ಹುರುಳಿ ತುಳಿಯದ ಫೋರ್ಡು

ಮೂಗಯ್ಯನವರ ಫೋರ್ಡು ಕಾರಿನಲ್ಲಿ ನಾನು ಮೊದಲ ಸಲ ಕೂತ ದಿನ ಅವರು ನನ್ನನ್ನು ಕಟ್ಟಿಹಾಕಿದರು. ಮುಂದಿನ ಸೀಟಿನಲ್ಲಿ ಬಾಗಿಲ ಪಕ್ಕ ಕೂತಿದ್ದೆ. ಅವರು ಕಿಟಕಿಯೊಳಗೆ ಕೈಹಾಕಿ, ನನ್ನ ಭುಜದ ಮೇಲಿಂದ ಒಂದು ಕಪ್ಪು ಪಟ್ಟಿ ಎಳೆದು, ಸೊಂಟದ ಹತ್ತಿರ ಟಕ್ಕೆಂದು ಸಿಕ್ಕಿಸಿ, ಏನೂ ಆಗದವರಂತೆ ಆ ಕಡೆ ಹೋಗಿ ಸ್ಟೀರಿಂಗ್ ಹಿಡಿದರು. ಬಾಡಿಗೆ ಕೊಡದೆ ಇಳಿದು ಓಡುವವರನ್ನು ಹೀಗೆ ಕಟ್ಟುತ್ತಾರೆ ಎಂದುಕೊಂಡೆ. ದಿನಗೂಲಿ ನೌಕರನಿಗೆ ಆಸ್ತಿ ಅಂತ ಇರುವುದು ಮರ್ಯಾದೆ ಒಂದೇ, ಅದು ಕೆರಳಿತು. ಜೇಬಿನಿಂದ ನೋಟು ತೆಗೆದು ಅವರ ಮುಖದ ಮುಂದೆ ಹಿಡಿದು, “ಮೊದ್ಲೇ ತಗೊಳ್ಳಿ. ನಾನು ಓಡೋಗೋ ಪೈಕಿ ಅಲ್ಲ” ಎಂದೆ.

ಹಿಂದಿನ ಸೀಟಿನಲ್ಲಿ ಬದನೆಕಾಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಚಿಕ್ಕಮಲ್ಲಮ್ಮ ಬುಟ್ಟಿ ಅಲ್ಲಾಡುವಷ್ಟು ನಕ್ಕಳು. ದಿನಾ ಸಂತೆ, ಮಾರ್ಕೆಟ್ಟು ಅಂತ ಓಡಾಡುವ ಹೆಂಗಸು.

“ಅಯ್ಯೋ ನಿನ್ ಮನೆ ಹಾಳಾಗ! ಅದು ನಿನ್ ಕಾಸ್ಗಲ್ಲ ಕಣಪ್ಪ. ಬ್ರೇಕ್ ಒತ್ತಿದಾಗ ನಿನ್ ಮಂಡೆ ಓಗಿ ಗಾಜ್ಗೆ ಒಡೀಬಾರ್ದು ಅಂತ.”

ಮೂಗಯ್ಯ ನಗಲಿಲ್ಲ. “ಮಂಡೆ ಅವ್ರದ್ದು, ಗಾಜು ನಂದು” ಎಂದಷ್ಟೇ ಹೇಳಿ ಗೇರು ಹಾಕಿದರು.

ಚಾಮರಾಜನಗರದಲ್ಲಿ ಇಳಿಯುವಾಗ ಆ ಪಟ್ಟಿ ಬಿಚ್ಚುವುದು ಹೇಗೆಂದು ತಿಳಿಯಲಿಲ್ಲ. ಕೇಳಲು ನಾಚಿಕೆ. ಅಡಿಯಿಂದ ನುಸುಳಲು ಹೋಗಿ ಅಂಗಿಯ ಎರಡು ಗುಂಡಿ ಕಿತ್ತುಕೊಂಡವು. ಹೊಸದಾಗಿ ಜಿಲ್ಲೆಯಾಗಿದ್ದ ಊರಿನ ಹೊಸ ಕಚೇರಿಗೆ ಎದೆ ಬಿಟ್ಟುಕೊಂಡು ಕೆಲಸಕ್ಕೆ ಹೋದ ಮೊದಲ ನೌಕರ ನಾನೇ ಇರಬೇಕು.

ನನ್ನ ಕೆಲಸದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಒಬ್ಬರ ಮೇಜಿನ ಫೈಲನ್ನು ಇನ್ನೊಬ್ಬರ ಮೇಜಿಗೆ ಹೊರುವುದು. ಹೋದ ದಿನ ಕೂಲಿ, ಹೋಗದ ದಿನ ಇಲ್ಲ. ಮೂಗಯ್ಯನವರ ಬಗ್ಗೆ ಹೇಳಬೇಕು.

ತೆರಕಣಾಂಬಿಯವರು. ಅವರ ಅಪ್ಪ ಬೆಟ್ಟಯ್ಯ ಊರಿನ ದೊಡ್ಡ ಜಮೀನಿನವರ ಮನೆಯಲ್ಲಿ ಆಳಾಗಿದ್ದವರು. ಮಗ ಲಾರಿ ಕ್ಲೀನರ್ ಆಗಿ ಊರು ಬಿಟ್ಟು, ಡ್ರೈವಿಂಗ್ ಕಲಿತು, ಸರ್ಕಾರಿ ಜೀಪಿಗೆ ಡ್ರೈವರ್ ಆಗಿ, ಬಂಡೀಪುರದ ದಾರಿಯಲ್ಲಿ ಎಷ್ಟೋ ವರ್ಷ ಓಡಾಡಿ ನಿವೃತ್ತರಾದರು. ಆ ದಾರಿಯಲ್ಲಿ ಗುದ್ದಿಕೊಂಡ ಗಾಡಿಗಳಿಂದ ಜನರನ್ನು ಎತ್ತಿ ಎತ್ತಿ ಜೀಪಿಗೆ ಹಾಕಿಕೊಂಡದ್ದೇ ಅವರ ಓದು. ನಿವೃತ್ತಿಯ ದುಡ್ಡು ಕೈಗೆ ಬಂದಾಗ ಹೆಂಡತಿ ಚಿಕ್ಕನಿಂಗಮ್ಮ ಒಂದು ಸೈಟು ಅಂದರು, ನೆಂಟರು ಎರಡು ಹಸು ಅಂದರು. ಇವರು ಊಟಿಗೆ ಹೋಗಿ ಒಂದು ಎಸ್ಟೇಟಿನ ಷೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಐವತ್ತೆರಡನೇ ಇಸವಿಯ ಫೋರ್ಡು ಕಾರನ್ನು ಕೊಂಡು, ಲಾರಿಯ ಹಿಂದೆ ಕಟ್ಟಿಸಿಕೊಂಡು ಘಾಟಿ ಇಳಿದರು. ಗುಂಡ್ಲುಪೇಟೆಯಲ್ಲಿ ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದರು, ಕೆನೆ ಬಣ್ಣ ಹೊಡೆಸಿದರು. ಆ ಕಾಲದ ಕಾರಿಗೆ ಬೆಲ್ಟು ಎಲ್ಲಿಂದ ಬರಬೇಕು? ಮೈಸೂರಿನ ಗುಜರಿಯಿಂದ ಎರಡು ತಂದು ಮುಂದಿನ ಸೀಟಿಗೆ ಬೋಲ್ಟು ಹಾಕಿಸಿದರು. ಕೋಳಿ ವಾಸನೆ ಮಾತ್ರ ಬಿಸಿಲು ಏರಿದ ಮೇಲೆ ಈಗಲೂ ಸ್ವಲ್ಪ ಬರುತ್ತದೆ.

“ಅಮೇರಿಕದ ಕಂಪ್ನಿ ಕಣಪ್ಪ. ನಿಮ್ ತಾತ ಉಟ್ಟೋಕ್ ಮುಂಚಿಂದ ಕಾರ್ ಮಾಡ್ತಾವ್ರೆ” ಎಂದು ಬಾನೆಟ್ ತಟ್ಟುತ್ತಿದ್ದರು. “ಮಾಡೋರು ನೆಟ್ಗೇ ಮಾಡವ್ರೆ. ಜನ ಸಾಯೋದು ಓಡ್ಸೋ ಮುಂಡೇವ್ರಿಂದ.”

ಬೆಳಿಗ್ಗೆ ತೆರಕಣಾಂಬಿಯಿಂದ ಚಾಮರಾಜನಗರಕ್ಕೆ ಷೇರ್ ಟ್ಯಾಕ್ಸಿ. ಬೇರೆ ಗಾಡಿಗಳಲ್ಲಿ ಜನ ಟಾಪಿನ ಮೇಲೂ ಇರುತ್ತಿದ್ದರು, ಏಣಿಯಲ್ಲೂ ನೇತಾಡುತ್ತಿದ್ದರು. ಇವರು ಸೀಟು ತುಂಬಿತೆಂದರೆ ದೇವರು ಬಂದು ಕೈಯೊಡ್ಡಿದರೂ ನಿಲ್ಲಿಸುತ್ತಿರಲಿಲ್ಲ. ಹೊರಡುವ ಮುಂಚೆ ಚಕ್ರ ಒದ್ದು ನೋಡಬೇಕು, ನೀರು ನೋಡಬೇಕು, ಬ್ರೇಕು ತುಳಿದು ತುಳಿದು ನೋಡಬೇಕು. ನಾವು ಒಳಗೆ ಕೂತು ಶಪಿಸುತ್ತಿರಬೇಕು. ಆದರೆ ಷೇರ್ ಟ್ಯಾಕ್ಸಿಯ ದುಡ್ಡು ಡೀಸೆಲ್ಲಿಗೇ ಸರಿಹೋಗುತ್ತಿತ್ತು. ಆ ಕಾರನ್ನೂ ಅವರ ಮನೆಯನ್ನೂ ಸಾಕುತ್ತಿದ್ದದ್ದು ಮದುವೆಗಳು. ಹೂವು ಕಟ್ಟಿದರೆ ಆ ಉದ್ದ ಮೂತಿಯ ಕಾರಿನ ಮುಂದೆ ಇನ್ಯಾವ ಕಾರೂ ನಿಲ್ಲುತ್ತಿರಲಿಲ್ಲ. ಮೂಗಯ್ಯನವರನ್ನು ಜಗಲಿಯ ಮೇಲೆ ಕೂರಿಸದ ಮನೆಯವರೂ ತಮ್ಮ ಮದುಮಗಳನ್ನು ಅವರ ಸೀಟಿನ ಮೇಲೆ ಕೂರಿಸುತ್ತಿದ್ದರು.

ಸಂಕ್ರಾಂತಿ ಕಳೆದು ಮಾಘ ಹುಟ್ಟಿದರೆ ಮದುವೆಗಳು. ಅದಕ್ಕೂ ಮುಂಚೆ ನಮ್ಮ ಕಡೆ ಹುರುಳಿ ಕಾಲ.

ನಮ್ಮ ಜನಕ್ಕೆ ಕಣ ಮಾಡುವುದು ಮರೆತೇಹೋಗಿದೆ. ನೆಲ ಗುಡಿಸಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಕಲ್ಲುಗುಂಡು ಹೊಡೆಯುವ ರಗಳೆ ಯಾರಿಗೆ ಬೇಕು? ಟಾರು ರಸ್ತೆಯ ಅಗಲಕ್ಕೆ ಹುರುಳಿ ಬಳ್ಳಿಯನ್ನು ಮೊಣಕಾಲೆತ್ತರ ಹಾಸಿ, ಮರದ ಕೆಳಗೆ ಕೂತರೆ ಆಯಿತು. ಬಸ್ಸು ತುಳಿಯುತ್ತದೆ, ಲಾರಿ ತುಳಿಯುತ್ತದೆ, ಮದುವೆಗೆ ಹೋಗುವವನೂ ಸಾವಿಗೆ ಹೋಗುವವನೂ ತುಳಿದುಕೊಟ್ಟು ಹೋಗಬೇಕು. ಎತ್ತರದ ಗಾಡಿಗಳಿಗೆ ಅಷ್ಟು ಭಯವಿಲ್ಲ. ಹೊಟ್ಟೆ ನೆಲಕ್ಕಿರುವ ಕಾರಿಗೆ ಆ ಬಳ್ಳಿ ಅಡಿಯಲ್ಲಿ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರ್ ತಗುಲಿತೋ, ಬೆಂಕಿ. ಹಿಂದಿನ ವರ್ಷ ಹರವೆ ಕಡೆ ಒಂದು ವ್ಯಾನು ಹಾಗೇ ಉರಿದುಹೋಗಿತ್ತು. ಒಳಗಿದ್ದವರು ಹಾರಿಕೊಂಡು ಉಳಿದರು. ಆ ಜಾಗದ ಟಾರು ಕರಗಿ ಕುಳಿ ಬಿದ್ದಿದೆ. ಈ ವರ್ಷ ಆ ಕುಳಿಯ ಮೇಲೂ ಹುರುಳಿ ಹಾಸಿದ್ದರು!

ಮೂಗಯ್ಯ ಡಿಕ್ಕಿಯಲ್ಲಿ ಒಂದು ಕವೆಗೋಲು ಇಟ್ಟುಕೊಂಡಿದ್ದರು. ಹಾಸಿದ್ದು ಸಿಕ್ಕಿದಲ್ಲೆಲ್ಲ ನಿಲ್ಲಿಸಿ, ಇಳಿದು, ಒಂದು ಬದಿಗೆ ಎಳೆದು ದಾರಿ ಮಾಡಿಕೊಂಡು, ದಾಟಿದ ಮೇಲೆ ಮತ್ತೆ ಬಂದು ಮೊದಲಿದ್ದ ಹಾಗೇ ಹರಡಿ ಹೋಗುತ್ತಿದ್ದರು. ಇದು ನನಗೆ ಸಹಿಸಲಾಗದ ವಿಷಯವಾಗಿತ್ತು. ಯಾರದೋ ಹುರುಳಿಗೆ ಇವರು ಕೂಲಿಯಿಲ್ಲದ ಆಳೇ? ಹಾಗೆಂದು ಜೋರಾಗಿ ಕೇಳುವ ಧೈರ್ಯ ನನಗಿರಲಿಲ್ಲ. ಆ ಹುರುಳಿಯಲ್ಲಿ ದೊಡ್ಡ ಪಾಲು ನನ್ನ ಸೋದರಮಾವನದೇ ಆಗಿತ್ತು.

ಮಾವ ಶಿವರುದ್ರಸ್ವಾಮಿ. ಬೆಟ್ಟಯ್ಯ ದುಡಿದದ್ದು ಇವರ ಮನೆಯಲ್ಲೇ.

ಆ ದಿನ ತೆರಕಣಾಂಬಿ ದಾಟಿ ಸ್ವಲ್ಪ ದೂರ ಬಂದಾಗ ಮೂಗಯ್ಯ ಗಾಡಿ ನಿಲ್ಲಿಸಿದರು. ಮುಂದೆ ರಸ್ತೆ ತುಂಬ ಹುರುಳಿ. ಬದಿಗೆ ಎಳೆಯೋಣವೆಂದರೆ ಎರಡೂ ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಜಾಲಿ ಮುಳ್ಳು ಹಾಕಿತ್ತು. ಬೇವಿನ ಮರದ ಕೆಳಗೆ ಮಾವ ಕೂತಿದ್ದರು. ಅವರಿಗೆ ಕಾಣದಿರಲೆಂದು ನಾನು ಸೀಟಿನಲ್ಲಿ ಕೆಳಗೆ ಜಾರಲು ನೋಡಿದೆ. ಬೆಲ್ಟು ಬಿಡಲಿಲ್ಲ.

“ಯಾಕ್ಲಾ ಮೂಗ, ನಿಂತ್ಬುಟ್ಟೆ?” ಮಾವ ಕೂತಲ್ಲಿಂದಲೇ ಕೂಗಿದರು. “ಬಾ ಬಾ, ಇಂದಕ್ ಮುಂದಕ್ ಎರಡ್ ಸಲ ಹೊಡಿ. ನಿನ್ ಗಾಡಿ ಭಾರ ಐತೆ, ಚೆಂದಾಗ್ ಉದುರ್ತದೆ.”

“ಸ್ವಾಮೇರಾ, ಒಂದ್ ಗಾಡಿ ಓಗೋವಷ್ಟು ದಾರಿ ಬುಡ್ಸಿ” ಎಂದರು ಮೂಗಯ್ಯ.

“ಬಸ್ಸು ಲಾರಿ ಎಲ್ಲ ಹೋಯ್ತಾವೆ. ನಿಂದೊಂದೇ ಅರಮನೆ ಆನೆ ನೋಡು!”

“ಬಸ್ ಒಟ್ಟೆ ಮ್ಯಾಲೈತೆ, ನಂದು ನೆಲಕ್ಕೈತೆ. ಸುತ್ಕಂಡ್ರೆ ಬೆಂಕಿ. ಒಳ್ಗೆ ಆರ್ ಜನ ಅವ್ರೆ. ಅದಿರ್ಲಿ, ಕಲ್ಲು ಯಾಕ್ ಇಡ್ಸಿದ್ರಿ? ಅದ್ನೇಳಿ.”

“ಎಲ್ಲಾ ಪಕ್ಕದಾಗೇ ಹೋದ್ರೆ ತುಳಿಯೋರ್ ಯಾರ್ಲಾ?”

ಮಾವನ ಒಂದು ಗುಣವೆಂದರೆ ಸುಳ್ಳು ಹೇಳುವುದಿಲ್ಲ. ಮೂಗಯ್ಯ ಎಂಜಿನ್ ಆಫ್ ಮಾಡಿದರು. ಹ್ಯಾಂಡ್‌ಬ್ರೇಕ್ ಎಳೆದರು. ಇಳಿದು ಹಿಂದಿನ ಚಕ್ರಕ್ಕೆ ಮರದ ತುಂಡೊಂದನ್ನು ಒತ್ತಿಟ್ಟರು. ಅಷ್ಟು ಕೋಪದಲ್ಲೂ ಗಾಡಿ ಉರುಳದಂತೆ ನೋಡಿಕೊಂಡ ಮನುಷ್ಯ! ಆಮೇಲೆ ಬಾನೆಟ್ಟಿಗೆ ಒರಗಿ ಕೈಕಟ್ಟಿ ನಿಂತರು.

“ರೋಡು ಸರ್ಕಾರದ್ದು ಸ್ವಾಮೇರಾ.”

“ಅದ್ನೇ ನಾನೂ ಹೇಳೋದು. ಸರ್ಕಾರದ್ದು, ನಿಮ್ಮಪ್ಪಂದಲ್ಲ! ನಿಮ್ಮಪ್ಪ ಬೆಟ್ಟ ನಮ್ಮ ಕಣದಾಗೆ ಬೆಳಗಾನ ಗುಂಡು ಹೊಡೀತಿದ್ದ. ಒಂದಿನಾನೂ ಇಂಗೆ ಲಾ ಪಾಯಿಂಟ್ ಮಾತಾಡ್ಲಿಲ್ಲ.”

“ಗುಂಡು ಎಳಿಯೋ ಎತ್ತಾದ್ರೂ ಬಗ್ಗಿ ಒಂದ್ ಬಾಯಿ ತಿಂತದೆ ಸ್ವಾಮೇರಾ. ನಮ್ಮಪ್ಪ ತಿಂದಿದ್ದ್ ನಾನ್ ನೋಡ್ನಿಲ್ಲ.”

ಮಾವ ಎದ್ದು ಬಂದರು. ದನಿ ತಗ್ಗಿತು, ಅದು ಇನ್ನೂ ಕೆಟ್ಟದ್ದು. “ನೋಡ್ಲಾ. ಮಾಘದಲ್ಲಿ ನನ್ ಮಗಳು ಸುಧಾಮಣಿ ಮದ್ವೆ. ನಿನ್ ಗಾಡೀಗ್ ಹೇಳಿವ್ನಿ. ಈಗ ತುಳ್ಸು, ಮದ್ವೆ ಗಾಡಿ ನಿಂದೇ. ತುಳ್ಸಲ್ಲ ಅಂದ್ರೆ ನನ್ ಮನೆ ಇರ್ಲಿ, ನಮ್ಮೋರ್ ಯಾರ್ ಮನೆ ಬಾಗಿಲಿಗೂ ಈ ಗಾಡಿ ಬರಾಕಿಲ್ಲ.”

ಆ ವರ್ಷದ ಅನ್ನ ಎಂದರೆ ಆ ಮದುವೆಗಳೇ. ಅದು ಮಾವನಿಗೂ ಗೊತ್ತಿತ್ತು, ಮೂಗಯ್ಯನವರಿಗೂ ಗೊತ್ತಿತ್ತು, ಒಳಗೆ ಕೂತಿದ್ದ ನಮಗೂ ಗೊತ್ತಿತ್ತು. ಮೂಗಯ್ಯ ಕಟ್ಟಿದ ಕೈ ಬಿಚ್ಚಲಿಲ್ಲ.

ಅಷ್ಟರಲ್ಲಿ ಹಿಂದೆ ಗುಂಡ್ಲುಪೇಟೆಯ ಬಸ್ಸು ಬಂದು ನಿಂತು ಹಾರನ್ ಬಡಿಯತೊಡಗಿತು. ಕಂಡಕ್ಟರ್ ಕತ್ತು ಹೊರಹಾಕಿ, “ಯಾವನಯ್ಯ ಅವನು, ಡಬ್ಬ ತಂದು ಅಡ್ಡ ನಿಲ್ಸಿರೋನು!” ಎಂದು ಅರಚಿದ. ಮಾವನ ಕಣ್ಣು ಕಾರಿನೊಳಗೆ ಹೋಯಿತು.

“ಲೋ ಮಲ್ಲೇಶ! ನೀನು ಇದ್ರಾಗೆ ಕೂತಿದ್ಯಾ? ಹೇಳ್ಲಾ ಇವನ್ಗೆ ಬುದ್ಧಿ!”

ಅನ್ಯಾಯದ ವಿರುದ್ಧ ಮಾತಾಡಬೇಕಾದ ಗಳಿಗೆ. ನಾನು ಗಂಟಲು ಸರಿಮಾಡಿಕೊಂಡು, “ಮಾವ, ಆಫೀಸ್‌ಗೆ ಹೊತ್ತಾಯ್ತು” ಎಂದೆ.

ಇಳಿದವಳು ಚಿಕ್ಕಮಲ್ಲಮ್ಮ. “ನನ್ ಬದ್ನೆಕಾಯ್ ಬಾಡ್ತಾ ಅವೆ. ನಿಮ್ ಪಂಚಾಯ್ತಿ ಆಮ್ಯಾಕ್ ಮಾಡ್ಕಳಿ” ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಒಂದು ಕಲ್ಲನ್ನು ಉರುಳಿಸಿಯೇಬಿಟ್ಟಳು. “ಬಾರಪ್ಪ ಆಫೀಸರ್ರೇ, ಮುಳ್ ಎಳಿ!”

ಎಳೆದೆ. ಅಂಗೈಗೆ ಮುಳ್ಳು ಹೊಕ್ಕಿತು. ಅದರ ಜೊತೆಗೇ ಸಿಟ್ಟೂ ಹೊಕ್ಕಿತು. ಏನು ದರ್ಪ! ದಾರಿಯಲ್ಲಿ ಹೋಗುವವನ ಕಾಲಿಗೆ ತನ್ನ ಕೆಲಸ ಕಟ್ಟಿ, ಅವನು ತಪ್ಪಿಸಿಕೊಳ್ಳದಂತೆ ಮುಳ್ಳು ಹಾಕಿ, ನೆರಳಲ್ಲಿ ಕೂರುವುದು! ಬಸ್ಸಿನಿಂದಲೂ ನಾಲ್ಕೈದು ಜನ ಗೊಣಗುತ್ತ ಇಳಿದು ಬಂದು ಕಲ್ಲು ತಳ್ಳಿದರು, ಕಾಲಿನಲ್ಲೇ ಹುರುಳಿ ಸರಿಸಿದರು. ಒಂದು ಕಾರಿನಷ್ಟು ದಾರಿಯಾಯಿತು. ಮೂಗಯ್ಯ ಮರದ ತುಂಡು ತೆಗೆದು ಡಿಕ್ಕಿಗೆ ಹಾಕಿ, ನನಗೆ ಮತ್ತೆ ಬೆಲ್ಟು ಸಿಕ್ಕಿಸಿ, ಒಂದು ಬಳ್ಳಿಯೂ ಚಕ್ರಕ್ಕೆ ತಾಗದಂತೆ ದಾಟಿಸಿದರು. ಕವೆಗೋಲು ಮುಟ್ಟಲಿಲ್ಲ. ಮತ್ತೆ ಹರಡಿಯೂ ಕೊಡಲಿಲ್ಲ.

ಹಿಂದೆ ತಿರುಗಿ ನೋಡಿದೆ. ಬಸ್ಸು ಉಳಿದ ಹುರುಳಿಯ ಮೇಲೆ ಚೆನ್ನಾಗಿ ಹತ್ತಿ ಇಳಿದು ಬರುತ್ತಿತ್ತು. ಅದರ ಹಿಂದೆ ಒಂದು ಲಾರಿ. ಅಂದರೆ ಮಾವನ ಹುರುಳಿ ಉದುರಲು ಈ ಫೋರ್ಡು ಬೇಕಾಗಿರಲೇ ಇಲ್ಲ! ಬೇಕಾಗಿದ್ದದ್ದು ಬೆಟ್ಟಯ್ಯನ ಮಗನ ಗಾಡಿ ತುಳಿಯುವುದು. ಅಂಗೈಯ ಮುಳ್ಳಿಗಿಂತ ಅದು ನನಗೆ ಹೆಚ್ಚು ಚುಚ್ಚಿತು. ಆ ದಿನದ ಅರ್ಧ ಕೂಲಿಯೂ ಹೋಯಿತು. ಅದೂ ಚುಚ್ಚಿತು, ಸುಳ್ಳೇಕೆ ಹೇಳಲಿ.

ಮಾವ ಹೇಳಿದಂತೆ ಮಾಡಿದರು. ಸುಧಾಮಣಿಯ ಮದುವೆಗೆ ಮೈಸೂರಿನಿಂದ ಕಾರು ತರಿಸುವುದಾಗಿ ಸುದ್ದಿ ಬಂತು. ಆ ವಾರವೇ ಇನ್ನೂ ಮೂರು ಮನೆಯವರು “ಬ್ಯಾಡ ಬುಡು ಮೂಗಯ್ಯ” ಎಂದು ಹೇಳಿಕಳಿಸಿದರು. ಆದರೆ ಸುಧಾಮಣಿ ಆ ಕೆನೆ ಬಣ್ಣದ ಕಾರೇ ಬೇಕೆಂದು ಊಟ ಬಿಟ್ಟು ಕೂತಳಂತೆ. ಮಾವ ನಮ್ಮ ಅಮ್ಮನಿಗೆ ಹೇಳಿದರು, ಅಮ್ಮ ನನ್ನನ್ನು ಹಿಡಿದು ಸಂಧಾನಕ್ಕೆ ಅಟ್ಟಿದಳು. ಮಾವನ ಷರತ್ತು ಸಣ್ಣದು. ಕ್ಷಮೆ ಬೇಡ, ಕಾಲಿಗೆ ಬೀಳುವುದೂ ಬೇಡ. ಬೆಂಕಿಗೆ ಹೆದರಿ ನಿಲ್ಲಿಸಿದೆ, ಬೇರೇನೂ ಅಲ್ಲ ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳಲಿ. ಮದುವೆ ಗಾಡಿ ಅವನದೇ, ಉಳಿದವರಿಗೂ ನಾನೇ ಹೇಳುತ್ತೇನೆ ಎಂದಿದ್ದರು.

ಭಾನುವಾರ ಹೋದೆ. ಮೂಗಯ್ಯ ಮನೆಯ ಮುಂದೆ ಕಾರಿನ ಅಡಿಯಲ್ಲಿ ಮಲಗಿದ್ದರು. ಕಾಲು ಮಾತ್ರ ಕಾಣುತ್ತಿತ್ತು. ನಾನು ಆ ಕಾಲುಗಳಿಗೇ ಷರತ್ತು ಹೇಳಿದೆ. ಚಿಕ್ಕನಿಂಗಮ್ಮ ಟೀ ತಂದುಕೊಟ್ಟು ಹೊಸಿಲಲ್ಲೇ ನಿಂತರು, ಗಂಡ ಏನೆನ್ನುತ್ತಾನೋ ಎಂದು. ಕಾರಿನ ಅಡಿಯಲ್ಲಿ ಸ್ಪ್ಯಾನರಿನ ಸದ್ದು ನಿಂತಿತು.

“ಸುಳ್ಳೇನೂ ಅಲ್ವಲ್ಲ ಮೂಗಣ್ಣ” ಎಂದೆ, ನನಗೇ ಮುಜುಗರವಾಗುತ್ತ. “ಬೆಂಕಿ ಭಯ ಇದ್ದಿದ್ದು ನಿಜ ತಾನೇ? ನಿಜ ಹೇಳಿ, ಬೆಂಕಿ ಹತ್ತೋದೇ ಇಲ್ಲ ಅಂತ ಗೊತ್ತಿದ್ದಿದ್ರೆ ಅವತ್ತು ತುಳಿಸ್ತಿದ್ರಿ ತಾನೇ?”

ಅವರು ಅಡಿಯಿಂದ ಜಾರಿ ಹೊರಬಂದು, ಗ್ರೀಸು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸುತ್ತ, ಒಮ್ಮೆ ಹೆಂಡತಿಯ ಕಡೆ ನೋಡಿ ನನ್ನ ಕಡೆ ತಿರುಗಿದರು.

“ಇಲ್ಲ ಕಣಪ್ಪ. ಹುರುಳಿ ಜಾಗ್ದಲ್ಲಿ ಹೂವಾ ಹಾಸಿದ್ರೂ ತುಳಿಸ್ತಿರ್ನಿಲ್ಲ. ಓಗಿ ಅಂಗೇ ಏಳು ನಿಮ್ಮಾವಂಗೆ.”