ಅಕ್ಕನ ಸೈಕಲ್ಲಿಗೆ ಕಟ್ಟಿದ ಸೌಟು

ಅಕ್ಕನ ಬಲಗೈ ಬೆರಳುಗಳಿಗೆ ಬ್ರೇಕ್ ಒತ್ತಲು ಆಗದಂತಾದ ವಾರ, ನಾನು ಅಡುಗೆಮನೆಯಿಂದ ಸ್ಟೀಲ್ ಸೌಟೊಂದನ್ನು ತಂದು, ಬಟ್ಟಲನ್ನು ಗರಗಸದಲ್ಲಿ ಕೊಯ್ದು, ಹಿಡಿಯನ್ನು ಅವಳ ಸೈಕಲ್ಲಿನ ಬ್ರೇಕಿಗೆ ಜೋಡಿಸಿ ಕಟ್ಟಿದೆ. ಹಿಡಿ ಉದ್ದವಾದರೆ ಕಡಿಮೆ ಬಲ ಸಾಕಲ್ಲವೇ. ಕಟ್ಟಿದ್ದು ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಯಲ್ಲಿ.

"ಬಟ್ಟಲು ಯಾಕೋ ಕೊಯ್ದೆ? ದಾರೀಲಿ ಸಾರು ಬಡಿಸ್ಕೊಂಡು ಹೋಗ್ತಿದ್ದೆ" ಎಂದಳು.

ಅಟ್ಟೂರಿನ ನಮ್ಮ ಮನೆಯಿಂದ ಯಲಹಂಕ ನ್ಯೂ ಟೌನಿನಲ್ಲಿರುವ ತನ್ನ ಜೆರಾಕ್ಸ್ ಅಂಗಡಿಗೆ ಅವಳು ಸೈಕಲ್ಲಿನಲ್ಲೇ ಹೋಗುತ್ತಿದ್ದಳು. ಬೈಕಿನಲ್ಲಿ ಬಿಡುತ್ತೇನೆಂದರೆ ಒಪ್ಪುತ್ತಿರಲಿಲ್ಲ. ಯಾರನ್ನೂ ಕೇಳದೆ ಹೋಗಿಬರುವುದೊಂದೇ ಅವಳಿಗೆ ಉಳಿದಿತ್ತು. ಸ್ನಾಯು ಸೊರಗುವ ಕಾಯಿಲೆ, ಔಷಧಿಯಿಲ್ಲ, ಬಲಗೈ ಆದಮೇಲೆ ಎಡಗೈ ಎಂದು ಡಾಕ್ಟರು ಹೇಳಿದ್ದರು. ಹೇಳಿದ ಕ್ರಮದಲ್ಲೇ ಆಗುತ್ತಿತ್ತು.

ಟ್ಯೂಬಿನ ಪಟ್ಟಿಯ ಉಪಾಯ ನಾನು ಕಲಿತದ್ದು ಶಾಲೆಯವರು ಕರೆದೊಯ್ದ ಶಿಬಿರವೊಂದರಲ್ಲಿ. ಆಗ ನನಗೆ ಹದಿಮೂರು, ಅಕ್ಕನಿಗೆ ಹದಿನೈದು. ಬಾಗಲೂರಿನಾಚೆ ಕಲ್ಲುಗುಡ್ಡ, ಮೂರು ದಿನ, ಕಾಡಿನಲ್ಲಿ ದಾರಿ ತಪ್ಪಿದರೆ ಬದುಕುವುದು ಹೇಗೆಂಬ ಪಾಠ. ಸೈನ್ಯದಿಂದ ನಿವೃತ್ತರಾದ ಮೇಷ್ಟ್ರೊಬ್ಬರು ಎಲ್ಲರ ಜೇಬಿಗೂ ಒಂದೊಂದು ಪಟ್ಟಿ ತುರುಕಿ, ಇದು ಕಟ್ಟಲಿಕ್ಕೂ ಆಗುತ್ತದೆ, ಸೌದೆ ಒದ್ದೆಯಾದಾಗ ಬೆಂಕಿ ಹಚ್ಚಲಿಕ್ಕೂ ಆಗುತ್ತದೆ ಎಂದಿದ್ದರು. ಎರಡನೆಯ ದಿನ ಮಳೆ. ಒಬ್ಬೊಬ್ಬರಿಗೆ ಮೂರೇ ಬೆಂಕಿಕಡ್ಡಿ. ಕೊನೆಯ ಕಡ್ಡಿಗೆ ಅಕ್ಕನ ಪಟ್ಟಿ ಹತ್ತಿಕೊಂಡಿತು. ಅವಳು ಅಂಗೈ ಗುಬ್ಬಿಗೂಡು ಮಾಡಿ ಅದನ್ನು ಕಾದಳು.

ಹೀಗೆ ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ಆ ಅಂಗೈ ಹೆಚ್ಚು ಸ್ಪಷ್ಟವಾಗಿದೆ. ಅದೇ ನನಗೆ ಅನುಮಾನ.

ಸೌಟಿನ ಹಿಡಿ ಎರಡು ತಿಂಗಳು ಬಂತು. ಆಮೇಲೆ ಎರಡು ಬ್ರೇಕಿನ ವೈರುಗಳನ್ನೂ ಎಡಗೈಯ ಒಂದೇ ಹಿಡಿಗೆ ಎಳೆದೆ. ಬೆಲ್ಲನ್ನು ಮೊಣಕೈಗೆ ಸಿಗುವಂತೆ ಹಲಗೆಯೊಂದರ ಮೇಲೆ ಕೂರಿಸಿದೆ. ಪಂಕ್ಚರ್ ಅಂಗಡಿಯವನು, "ಏನ್ ಗುರು, ಇದು ಸೈಕಲ್ಲಾ, ಆಪರೇಷನ್ ಥಿಯೇಟರಾ?" ಎಂದ. ನನಗೆ ಒಳಗೊಳಗೆ ಹೆಮ್ಮೆಯಾಯಿತು. ಬಲಗೈ ಹ್ಯಾಂಡಲ್ಲಿನಿಂದ ಜಾರತೊಡಗಿದಾಗ ಪಿವಿಸಿ ಪೈಪ್ ಸೀಳಿ, ಒಳಗೆ ಹವಾಯಿ ಚಪ್ಪಲಿಯ ತುಂಡು ಅಂಟಿಸಿ, ಕೈ ಇಡಲು ದೋಣಿಯಂಥದೊಂದು ಮಾಡಿದೆ. ಅದರಿಂದಲೂ ಕೈ ಜಾರಿತು. ಮಣಿಕಟ್ಟಿಗೆ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದೆ.

ಬಿಗಿದ ಕೈಯನ್ನು ಅವಳು ಬಿಡಿಸಿಕೊಳ್ಳುವುದು ಹೇಗೆ ಎಂದು ನಾನು ಯೋಚಿಸಿರಲಿಲ್ಲ.

ಬೀದಿಯ ತಿರುವಿನ ಹಂಪಿನಲ್ಲಿ ಸೈಕಲ್ ಮಗುಚಿತು. ಎಡಗೈ ಬ್ರೇಕ್ ಒತ್ತಿತ್ತೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಬಲಗೈ ಹ್ಯಾಂಡಲ್ಲಿನ ಜೊತೆಯಲ್ಲೇ ತಿರುಚಿಕೊಂಡಿತು. ಹಾಲು ತರಲು ಹೊರಟಿದ್ದ ಹೆಂಗಸೊಬ್ಬರು ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದರಂತೆ. ಮೊಣಕೈ ಮೂಳೆ ಮುರಿದಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಬೈಯಲಿಲ್ಲ. ಕಿಟಕಿಯ ಪಕ್ಕದ ಮಂಚದಿಂದ ಹಿತ್ತಲಲ್ಲಿದ್ದ ಸೈಕಲ್ಲನ್ನು ನೋಡಿ, "ಎಲ್ಲಾ ಬಿಚ್ಚಿಬಿಡು. ಅಂಗಡಿ ಬಾಗಿಲೂ ಹಾಕಿಸ್ಬಿಡು" ಎಂದಳು.

ಮೂಳೆ ಕೂಡಿದ ಮೇಲೆ ನೋಡೋಣ ಎಂದೆ. ಶಿಬಿರದ ಆ ಮಳೆಯ ದಿನದ ಮಾತು ತೆಗೆದೆ, ಕೊನೆಯ ಕಡ್ಡಿ ಎಂದೆ, ಅಂಗೈ ಎಂದೆ.

"ಹತ್ತಲೇ ಇಲ್ಲ ಕಣೋ. ಮೇಷ್ಟ್ರು ಸೀಮೆಎಣ್ಣೆ ಸುರಿದು ಹಚ್ಚಿದ್ರು. ನೀನು ಅಳ್ತಾ ಕೂತಿದ್ದೆ."

ಅತ್ತದ್ದು ನನಗೆ ನೆನಪಿಲ್ಲ. ಸೀಮೆಎಣ್ಣೆಯ ವಾಸನೆ ಮಾತ್ರ, ಅವಳು ಹೇಳಿದ ಮೇಲೆ, ನೆನಪಿದೆ. ಅದನ್ನೂ ನಂಬುವ ಹಾಗಿಲ್ಲ.

ಹಿತ್ತಲಿಗೆ ಹೋಗಿ ಒಂದೊಂದನ್ನೇ ಬಿಚ್ಚಿದೆ. ಹಲ್ಲಿನ ಗುರುತಿದ್ದ ಪಟ್ಟಿಯನ್ನು ನಲ್ಲಿಯ ಕೆಳಗೆ ಒದ್ದೆ ಮಾಡಿ ಕಡ್ಡಿ ಗೀರಿದೆ. ಎರಡನೆಯ ಕಡ್ಡಿಗೇ ಹತ್ತಿಕೊಂಡಿತು. ಕಪ್ಪಗೆ ಹೊಗೆಯಾಡುತ್ತ, ಹನಿಹನಿಯಾಗಿ ಕರಗುತ್ತ ಚೆನ್ನಾಗಿಯೇ ಉರಿಯಿತು. ಅವತ್ತು ಹತ್ತಿತ್ತೋ ಇಲ್ಲವೋ ಇದರಿಂದ ತಿಳಿಯುವುದಿಲ್ಲ. ಆದರೂ ಅವಳು ನೋಡಲೆಂದು ಕಿಟಕಿಯ ಕಡೆಗೆ ಎತ್ತಿ ಹಿಡಿದೆ.

ಅವಳು ಕೆಮ್ಮಿದಳು. ಎಡಗೈಯನ್ನು ಕಿಟಕಿಯ ಕೊಂಡಿಯವರೆಗೆ ಒಯ್ದು, ಅದರ ಮೇಲೆ ಒಂದಷ್ಟು ಹೊತ್ತು ಇಟ್ಟುಕೊಂಡು, ಇಳಿಸಿದಳು.

"ಹೊಗೆ ಬರ್ತಿದೆ. ಬಂದು ಕಿಟಕಿ ಹಾಕು" ಎಂದಳು.

ಒಳಗೆ ಹೋಗಿ ಹಾಕಿದೆ.